ಬಟ್ಟೆಯ ಕಾರಣಕ್ಕೆ ಯಾವ ಮಗುವೂ ಸಾಲಿನಿಂದಾಚೆ ನಿಲ್ಲದಿರಲಿ: ಸಮವಸ್ತ್ರದ ನಿಯಮ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಶಾಲೆಗಳ ಆಡಳಿತ ಮಂಡಳಿಯವರಿಗೆ, ಮುಖ್ಯೋಪಾಧ್ಯಾಯರಿಗೆ, ಸಮವಸ್ತ್ರದ ಸುತ್ತೋಲೆಗೆ ಸಹಿ ಹಾಕುವ ಶಿಕ್ಷಣ ಇಲಾಖೆಯ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಶಿಕ್ಷಕಿ. ಇಪ್ಪತ್ತಾರು ವರ್ಷದಿಂದ ಪ್ರಾಥಮಿಕ ತರಗತಿಗಳಿಗೆ ಪಾಠ ಹೇಳುತ್ತಿದ್ದೇನೆ. ಅದರಲ್ಲಿ ಒಂಬತ್ತು ವರ್ಷ, ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಮಕ್ಕಳ ಸಾಲಿನ ನಡುವೆ ಓಡಾಡಿ ಯೂನಿಫಾರ್ಮ್ ಪರೀಕ್ಷಿಸುವ ಕೆಲಸವೂ ನನ್ನದೇ ಆಗಿತ್ತು. ಟೈ ಇದೆಯಾ, ಬೆಲ್ಟ್ ಇದೆಯಾ, ಸಾಕ್ಸ್ ಬೆಳ್ಳಗಿದೆಯಾ, ಶೂಸಿಗೆ ಪಾಲಿಶ್ ಆಗಿದೆಯಾ. ಆಗದವರನ್ನು ಸಾಲಿನಿಂದ ಆಚೆ ಕರೆದು ಪಕ್ಕದಲ್ಲಿ ನಿಲ್ಲಿಸಬೇಕು. ಎಲ್ಲರೂ ತರಗತಿಗೆ ಹೋದ ಮೇಲೆ ಅವರ ಹೆಸರು ಬರೆದುಕೊಂಡು ಕಳಿಸಬೇಕು. ಆ ಕೆಲಸವನ್ನು ನಾನು ಶ್ರದ್ಧೆಯಿಂದಲೇ ಮಾಡಿದೆ. ಶಿಸ್ತು ಕಲಿಸುತ್ತಿದ್ದೇನೆ ಎಂದೇ ನಂಬಿದ್ದೆ.

ಒಂದು ದಿನ ಮೂರನೇ ತರಗತಿಯ ಹುಡುಗನೊಬ್ಬನ ಶರ್ಟಿನ ಕಾಲರು ಕಪ್ಪಗಾಗಿತ್ತು. ತೋಳಿನ ಮೇಲೆ ಹಿಂದಿನ ದಿನದ ಶಾಯಿ ಕಲೆ. "ನಾಳೆ ಒಗೆದ ಶರ್ಟ್ ಹಾಕಿಕೊಂಡು ಬಾ" ಎಂದು ಎಲ್ಲರೆದುರಿಗೇ ಗದರಿದೆ. ಮರುದಿನ ಸಾಲಿನಲ್ಲಿ ನೋಡಿದರೆ ಕಾಲರು ಸ್ವಚ್ಛವಾಗಿತ್ತು. ಸಮಾಧಾನವಾಯಿತು. ಎರಡನೇ ಪೀರಿಯಡ್‌ನಲ್ಲಿ ಅವನ ನೋಟ್‌ಬುಕ್ ನೋಡಲೆಂದು ಬಗ್ಗಿ ಭುಜದ ಮೇಲೆ ಕೈಯಿಟ್ಟೆ. ಕೈಗೆ ತಣ್ಣಗೆ ತಗುಲಿತು. ಶರ್ಟ್ ಒದ್ದೆ. ಹಿಂಡಿ ಹಾಕಿದ್ದು ಆರಿರಲಿಲ್ಲ. ಬಟ್ಟೆ ಒಂದೇ ಪದರ ಇದ್ದ ಕಡೆ ಮೈಕಾವಿಗೆ ಒಣಗುತ್ತಾ ಬಂದಿತ್ತು. ಕಾಲರು, ಜೇಬು, ಗುಂಡಿಪಟ್ಟಿ, ಹೀಗೆ ಎರಡು ಪದರ ಕೂಡಿದ ಕಡೆಯೆಲ್ಲ ಇನ್ನೂ ಗಾಢವಾಗಿತ್ತು. ಅವನು ಬೆಂಚಿಗೆ ಒರಗದೆ ಮುಂದಕ್ಕೆ ಬಾಗಿ ಕೂತಿದ್ದ. ಬರೆಯುವಾಗ ತೋಳು ಹಾಳೆಗೆ ತಾಗದಂತೆ ಮೊಣಕೈಯನ್ನು ಗಾಳಿಯಲ್ಲಿ ಎತ್ತಿ ಹಿಡಿದಿದ್ದ.

"ಯಾಕೋ, ಒದ್ದೆ ಶರ್ಟ್ ಹಾಕ್ಕೊಂಡು ಬಂದಿದ್ದೀಯ?"

"ನೀವೇ ಹೇಳಿದ್ರಲ್ಲ ಮಿಸ್, ಒಗೆದು ಹಾಕ್ಕೊಂಡು ಬಾ ಅಂತ."

"ಇನ್ನೊಂದು ಇಲ್ವಾ?"

ಅವನು ಉತ್ತರ ಕೊಡಲಿಲ್ಲ. ಪಕ್ಕದವನಿಗೆ ಕೇಳಿಸಿತೇ ಎಂದು ಒಮ್ಮೆ ಆ ಕಡೆ ನೋಡಿದ.

ನಾನು ಹೇಳಿದ್ದನ್ನು ಆ ಮಗು ಅಕ್ಷರಶಃ ಪಾಲಿಸಿತ್ತು. ಮನೆಯಲ್ಲಿ ಒಂದೇ ಶರ್ಟ್ ಇದ್ದವನು ಅದನ್ನು ಹೇಗೆ ಪಾಲಿಸಿಯಾನು ಎಂದು ಯೋಚಿಸದೆ ಇದ್ದದ್ದು ನಾನು. ಇದಾಗಿ ಬಹಳ ವರ್ಷ ಕಳೆದಿವೆ. ಸಮವಸ್ತ್ರ ಬೇಕೋ ಬೇಡವೋ ಎಂಬ ಚರ್ಚೆ ಎದ್ದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಕೈಗೆ ತಗುಲಿದ ಆ ತಣ್ಣನೆಯ ಬಟ್ಟೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಶಾಲೆಗೆ ಸಮವಸ್ತ್ರ ಇರಲಿ, ಅದನ್ನು ತೆಗೆದುಹಾಕಿ ಎಂದು ನಾನು ಕೇಳುತ್ತಿಲ್ಲ. ನನ್ನ ಬೇಡಿಕೆ ಇಷ್ಟೆ: ಸಮವಸ್ತ್ರದ ಕಾರಣಕ್ಕೆ ಯಾವ ಮಗುವೂ ಪಾಠ ಕಳೆದುಕೊಳ್ಳಬಾರದು, ನಾಲ್ಕು ಜನರೆದುರು ತಲೆತಗ್ಗಿಸಿ ನಿಲ್ಲಬಾರದು. ಎಲ್ಲರೂ ಒಂದೇ ಬಟ್ಟೆ ಹಾಕಬೇಕೆಂದು ಹೇಳುವವರು ನೀವು. ಎಲ್ಲರಿಗೂ ಆ ಬಟ್ಟೆ ಸಿಗುವಂತೆ ನೋಡಿಕೊಳ್ಳುವ ಹೊಣೆಯೂ ನಿಮ್ಮದೇ ಆಗಬೇಕು.

ಇಷ್ಟೆಲ್ಲ ನೋಡಿದ ಮೇಲೂ ಸಮವಸ್ತ್ರ ಯಾಕೆ ಬೇಕು ಎನ್ನುತ್ತೀರಿ ಎಂದು ಕೆಲವು ಸಹೋದ್ಯೋಗಿಗಳು ನನ್ನನ್ನು ಕೇಳಿದ್ದಾರೆ. ಅದಕ್ಕೆ ನನ್ನ ಉತ್ತರ ಹಾಜರಿ ಪುಸ್ತಕದಲ್ಲಿದೆ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಆಗಾಗ ಕಲರ್ ಡ್ರೆಸ್ ದಿನ ಇರುತ್ತಿತ್ತು. ಹಿಂದಿನ ದಿನ ಅದನ್ನು ಹೇಳಿದಾಗ ಇಡೀ ತರಗತಿ ಹೋ ಎಂದು ಕೂಗುತ್ತಿತ್ತು. ಮಾರನೆಯ ದಿನ ಹಾಜರಿ ಕರೆಯುವಾಗ ಮೂರ್ನಾಲ್ಕು ಹೆಸರಿಗೆ ಉತ್ತರ ಬರುತ್ತಿರಲಿಲ್ಲ. ಪ್ರತಿ ಸಲವೂ ಹೆಚ್ಚುಕಡಿಮೆ ಅವೇ ಹೆಸರುಗಳು. ಹೊಟ್ಟೆನೋವು, ಜ್ವರ, ಊರಿಗೆ ಹೋಗಿದ್ದೆ. ಒಬ್ಬಳು ಮಾತ್ರ ಯೂನಿಫಾರ್ಮ್‌ನಲ್ಲೇ ಬಂದು, "ಮರೆತುಬಿಟ್ಟೆ ಮಿಸ್" ಎಂದಳು. ಅವಳು ಯಾವುದನ್ನೂ ಮರೆಯುವ ಹುಡುಗಿಯಲ್ಲ. ಪಾಠದ ಮಧ್ಯೆ ನಾನು ಬಿಟ್ಟ ಸಾಲನ್ನು ನೆನಪಿಸುತ್ತಿದ್ದವಳು ಅವಳೇ. ಹೊಸ ಫ್ರಾಕುಗಳ ನಡುವೆ ಆ ದಿನವಿಡೀ ಅವಳು ಕೈಕಟ್ಟಿ ಕೂತಿದ್ದಳು.

ದಿನವೂ ಕಲರ್ ಡ್ರೆಸ್ ಆಗಿದ್ದರೆ ಆ ಮಕ್ಕಳು ದಿನವೂ ಯಾವ ನೆಪ ಹೇಳಿಯಾರು? ಬೆಳಗ್ಗೆ ಎದ್ದ ಕೂಡಲೇ ಇವತ್ತು ಏನು ಹಾಕಲಿ ಎಂಬ ಪ್ರಶ್ನೆ ಕಪಾಟು ತುಂಬಿರುವ ಮನೆಯಲ್ಲಿ ಸಂಭ್ರಮ, ಎರಡೇ ಜೊತೆ ಬಟ್ಟೆ ಇರುವ ಮನೆಯಲ್ಲಿ ಸಂಕಟ. ಆ ಸಂಕಟವನ್ನು ಸಮವಸ್ತ್ರ ಸ್ವಲ್ಪವಾದರೂ ತಗ್ಗಿಸುತ್ತದೆ. ಅಷ್ಟಕ್ಕೇ ಅದು ನನಗೆ ಬೇಕು.

ಆದರೆ ಅದಕ್ಕಿಂತ ಹೆಚ್ಚಿನದನ್ನು ಅದರ ತಲೆಗೆ ಕಟ್ಟಬೇಡಿ ಎಂದು ಕೇಳಿಕೊಳ್ಳುತ್ತೇನೆ. "ಸಮವಸ್ತ್ರದಲ್ಲಿ ಬಡವ ಬಲ್ಲಿದ ಎಂಬ ಭೇದವೇ ಕಾಣುವುದಿಲ್ಲ" ಎಂದು ಭಾಷಣಗಳಲ್ಲಿ ಹೇಳುತ್ತೇವೆ. ಸಾಲಿನ ಮಧ್ಯೆ ಒಂಬತ್ತು ವರ್ಷ ಓಡಾಡಿದವಳಾಗಿ ಹೇಳುತ್ತೇನೆ, ಕಾಣುತ್ತದೆ. ಬೇರೆ ಬೇರೆ ಬಟ್ಟೆ ತೊಟ್ಟವರಲ್ಲಿ ಯಾವುದು ಹಳತು ಯಾವುದು ಹೊಸತು ಎಂದು ಥಟ್ಟನೆ ತಿಳಿಯುವುದಿಲ್ಲ. ನಲವತ್ತು ನೀಲಿ ಲಂಗಗಳು ಒಂದೇ ಸಾಲಿನಲ್ಲಿ ನಿಂತಾಗ ಬಿಸಿಲಿಗೆ ಬಿಳಿಚಿಕೊಂಡ ನೀಲಿ ಯಾವುದು ಎಂದು ದೂರದಿಂದಲೇ ತಿಳಿಯುತ್ತದೆ. ಬೆಳೆಯುವ ಮಗಳಿಗೆಂದು ತಾಯಿ ಲಂಗದ ಅಂಚನ್ನು ಒಳಕ್ಕೆ ಮಡಿಸಿ ಹೊಲಿದಿರುತ್ತಾಳೆ. ಮರುವರ್ಷ ಹೊಲಿಗೆ ಬಿಚ್ಚಿ ಉದ್ದ ಬಿಡುತ್ತಾಳೆ. ಒಳಗೆ ಮಡಿಚಿಕೊಂಡಿದ್ದ ಬಟ್ಟೆ ಬಿಸಿಲನ್ನೇ ಕಂಡಿಲ್ಲವಲ್ಲ, ಅದರ ಬಣ್ಣ ಹಾಗೇ ಉಳಿದಿರುತ್ತದೆ. ಮಾಸಿದ ಲಂಗದ ಕೆಳಗೆ ಎರಡು ಬೆರಳಗಲದ ಗಾಢ ನೀಲಿ ಪಟ್ಟಿ, ಅದರ ಮೇಲಂಚಿನಲ್ಲಿ ಹಳೆಯ ಮಡಿಕೆಯ ಗೆರೆ. ಎರಡು ಸಲ ಉದ್ದ ಬಿಟ್ಟಿದ್ದರೆ ಎರಡು ಗೆರೆ. ಒಬ್ಬ ಹುಡುಗಿ ಮೂರು ವರ್ಷ ಒಂದೇ ಲಂಗದಲ್ಲಿ ಬಂದದ್ದನ್ನು ನಾನು ಆ ಗೆರೆಗಳಿಂದ ಎಣಿಸಿದ್ದೇನೆ. ಅವಳ ಗೆಳತಿಯರೂ ಎಣಿಸಿರುತ್ತಾರೆ. ಮಕ್ಕಳ ಕಣ್ಣು ನಮ್ಮದಕ್ಕಿಂತ ಚುರುಕು.

ಆದ್ದರಿಂದ ಸಮವಸ್ತ್ರದ ನಿಯಮ ಬರೆದಾಕ್ಷಣ ಸಮಾನತೆ ಬಂದುಬಿಡುವುದಿಲ್ಲ. ಬಟ್ಟೆ ಸಮನಾಗಿ ಸಿಕ್ಕರೆ ಮಾತ್ರ ಬರುತ್ತದೆ.

ಇದರ ಚರಿತ್ರೆಯೂ ಇದೇ ದಾರಿ ತೋರಿಸುತ್ತದೆ. ಶಾಲಾ ಸಮವಸ್ತ್ರ ಮೊದಲು ಶ್ರೀಮಂತರ ಮಕ್ಕಳ ಉಡುಪಾಗಿತ್ತು ಎಂದು ಅನೇಕರು ತಿಳಿದಿದ್ದಾರೆ. ಆದರೆ ಈ ಸಂಪ್ರದಾಯದ ಮೊದಲ ಶಾಲೆಗಳಲ್ಲಿ ಒಂದೆಂದು ಎಲ್ಲರೂ ಹೆಸರಿಸುವುದು ಲಂಡನ್ನಿನಲ್ಲಿ 1552ರಲ್ಲಿ ಶುರುವಾದ ಕ್ರೈಸ್ಟ್ಸ್ ಹಾಸ್ಪಿಟಲ್ ಶಾಲೆಯನ್ನು. ಅದು ಬಡ ಮಕ್ಕಳಿಗಾಗಿ, ತಬ್ಬಲಿಗಳಿಗಾಗಿ ತೆರೆದ ಶಾಲೆ. ಉದ್ದನೆಯ ನೀಲಿ ಕೋಟು, ಹಳದಿ ಕಾಲುಚೀಲ. ಮೈಮೇಲೆ ಸರಿಯಾದ ಬಟ್ಟೆಯೇ ಇಲ್ಲದ ಮಕ್ಕಳಿಗೆ ಬಟ್ಟೆ ಕೊಡಬೇಕಿತ್ತು, ಕೊಟ್ಟರು. ಒಟ್ಟಿಗೆ ಕೊಟ್ಟಿದ್ದರಿಂದ ಅದು ಒಂದೇ ಥರ ಇತ್ತು. ಬಟ್ಟೆ ಕೊಡುವುದು ಮೊದಲು, ನಿಯಮ ಆಮೇಲೆ. ಉಳ್ಳವರ ಶಾಲೆಗಳಿಗೆ ಸಮವಸ್ತ್ರ ಬಂದದ್ದು ಎಷ್ಟೋ ಕಾಲದ ನಂತರ. ಆ ಶಾಲೆಯ ಮಕ್ಕಳು ಇಂದಿಗೂ ಅದೇ ನೀಲಿ ಕೋಟು ಹಾಕುತ್ತಾರೆ, ಶಾಲೆ ಇಂದಿಗೂ ಅದನ್ನು ಉಚಿತವಾಗಿಯೇ ಕೊಡುತ್ತದೆ. 2010ರ ಸುಮಾರಿಗೆ ಇದನ್ನು ಬದಲಿಸೋಣವೇ ಎಂದು ಮಕ್ಕಳನ್ನೇ ಕೇಳಿದಾಗ ಬಹುಪಾಲು ಮಕ್ಕಳು ಬೇಡ, ಇದೇ ಇರಲಿ ಎಂದರು. ಕೊಟ್ಟ ಬಟ್ಟೆಯ ಮೇಲೆ ಮಕ್ಕಳಿಗೆ ಅಭಿಮಾನ ಬೆಳೆಯುತ್ತದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ನಾವು ಆ ಕ್ರಮವನ್ನೇ ತಿರುಗಿಸಿಬಿಟ್ಟೆವು. ನಿಯಮ ಮೊದಲು ಬಂತು. ಬಟ್ಟೆ ತರುವುದು ಮನೆಯವರ ತಲೆನೋವಾಯಿತು, ತಾರದಿದ್ದರೆ ಶಿಕ್ಷೆ ಮಗುವಿಗಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಂದರೆ ಇದೇ. ಏಳು ವರ್ಷದ ಮಗು ತನ್ನ ಬಟ್ಟೆ ತಾನೇ ಕೊಂಡುಕೊಳ್ಳುತ್ತದೆಯೇ, ತಾನೇ ಹೊಲಿದುಕೊಳ್ಳುತ್ತದೆಯೇ? ಅದರ ಕೈಯಲ್ಲಿಲ್ಲದ ವಿಷಯಕ್ಕೆ ಅದನ್ನು ನಿಲ್ಲಿಸಿ ಕೇಳುವುದು ಯಾವ ನ್ಯಾಯ?

ಶಿಸ್ತು ಬರುತ್ತದೆ, ಓದು ಸುಧಾರಿಸುತ್ತದೆ ಎನ್ನುವವರಿಗೂ ಒಂದು ಮಾತು ಹೇಳಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಾಂಗ್ ಬೀಚ್ ಎಂಬ ನಗರವಿದೆ. 1994ರಲ್ಲಿ ಅಲ್ಲಿನ ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಗಳಲ್ಲಿ ಸಮವಸ್ತ್ರ ಕಡ್ಡಾಯವಾಯಿತು. ಆಮೇಲೆ ಶಾಲೆಗಳಲ್ಲಿ ಹೊಡೆದಾಟ ಕಡಿಮೆಯಾಯಿತೆಂಬ ಸುದ್ದಿ ದೇಶವೆಲ್ಲ ಹಬ್ಬಿ, 1996ರ ಜನವರಿಯಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಸಂಸತ್ತಿನೆದುರು ಮಾಡಿದ ವಾರ್ಷಿಕ ಭಾಷಣದಲ್ಲೂ ಸಮವಸ್ತ್ರದ ಮಾತು ಬಂತು. ಆದರೆ ಸಮಾಜಶಾಸ್ತ್ರಜ್ಞರಾದ ಡೇವಿಡ್ ಬ್ರನ್ಸ್ಮಾ ಮತ್ತು ಕೆರಿ ಆನ್ ರಾಕ್‌ಕ್ವೆಮೋರ್ 1998ರಲ್ಲಿ ಆ ದೇಶದ ಹತ್ತನೇ ತರಗತಿಯ ಮಕ್ಕಳ ಅಂಕಿಅಂಶಗಳನ್ನು ಕೂಡಿಸಿ ನೋಡಿದಾಗ, ಹಾಜರಿಯಲ್ಲಾಗಲಿ ನಡತೆಯಲ್ಲಾಗಲಿ ಮಾದಕ ವಸ್ತುಗಳ ಬಳಕೆಯಲ್ಲಾಗಲಿ ಸಮವಸ್ತ್ರದಿಂದ ನೇರ ಬದಲಾವಣೆ ಕಾಣಲಿಲ್ಲ. ನನ್ನ ಅನುಭವವೂ ಇದಕ್ಕೆ ಹೊಂದುತ್ತದೆ. ತುಂಟ ಮಗು ಟೈ ಕಟ್ಟಿಕೊಂಡೂ ತುಂಟತನ ಮಾಡುತ್ತದೆ. ಮಾಡಬೇಕಾದದ್ದೇ. ತರಗತಿ ಶಾಂತವಾಗುವುದು ಪಾಠ ಹಿಡಿಸಿದಾಗ, ಕಲಿಸುವವರು ತನ್ನನ್ನು ಗಮನಿಸುತ್ತಿದ್ದಾರೆಂದು ಮಗುವಿಗೆ ಅನ್ನಿಸಿದಾಗ.

ಸಮವಸ್ತ್ರ ಒಂದು ಕೆಲಸವನ್ನಂತೂ ಮಾಡುತ್ತದೆ, ಅದನ್ನು ಕೈಗೆ ಕೊಟ್ಟರೆ. ಅದಕ್ಕೆ ಉದಾಹರಣೆ ಕೆನ್ಯಾದಲ್ಲಿದೆ. ಅಲ್ಲಿ 2003ರಲ್ಲಿ ಪ್ರಾಥಮಿಕ ಶಾಲೆಯ ಶುಲ್ಕ ರದ್ದಾಯಿತು. ಆದರೂ ಸಮವಸ್ತ್ರದ ಖರ್ಚು ಮನೆಯವರ ಮೇಲೇ ಉಳಿಯಿತು. ಬಾಗಿಲು ತೆರೆದಿತ್ತು, ಹೊಸ್ತಿಲು ಎತ್ತರವಾಗಿಯೇ ಇತ್ತು. ಪಶ್ಚಿಮ ಕೆನ್ಯಾದಲ್ಲಿ ಒಂದು ಸಂಸ್ಥೆ ಲಾಟರಿ ಎತ್ತಿ ಕೆಲವು ಮಕ್ಕಳಿಗೆ ಉಚಿತವಾಗಿ ಸಮವಸ್ತ್ರ ಹಂಚಿತು. ಬಟ್ಟೆ ಸಿಕ್ಕ ಮಕ್ಕಳು ಶಾಲೆ ತಪ್ಪಿಸುವುದು ಮೂರನೇ ಒಂದು ಭಾಗಕ್ಕಿಂತಲೂ ಜಾಸ್ತಿ ಇಳಿಯಿತು. ತೀರಾ ಬಡ ಮಕ್ಕಳಲ್ಲಿ ಅರ್ಧಕ್ಕಿಂತಲೂ ಜಾಸ್ತಿ ಇಳಿಯಿತು. ಅದೇ ಪ್ರದೇಶದಲ್ಲಿ ಎಸ್ತರ್ ಡುಫ್ಲೊ, ಪಾಸ್ಕಲಿನ್ ಡುಪಾ, ಮೈಕೆಲ್ ಕ್ರೀಮರ್ ಎಂಬ ಅರ್ಥಶಾಸ್ತ್ರಜ್ಞರು 328 ಶಾಲೆಗಳಲ್ಲಿ ನಡೆಸಿದ ಅಧ್ಯಯನದಲ್ಲಿ, ಉಚಿತ ಸಮವಸ್ತ್ರ ಪಡೆದ ಹುಡುಗ ಹುಡುಗಿಯರಿಬ್ಬರೂ ಶಾಲೆ ಬಿಡುವುದು ತಗ್ಗಿತು. ಹುಡುಗಿಯರಲ್ಲಿ ಹದಿಹರೆಯದ ಮದುವೆ, ಬಸಿರು ಕೂಡ ಕಡಿಮೆಯಾದವು. ಈ ಡುಫ್ಲೊ ಮತ್ತು ಕ್ರೀಮರ್ ಅವರೇ ಅಭಿಜಿತ್ ಬ್ಯಾನರ್ಜಿಯವರ ಜೊತೆ 2019ರ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡವರು. ಪೂರ್ತಿ ಚಿತ್ರ ಕೊಡಬೇಕೆಂದರೆ ಇನ್ನೊಂದನ್ನೂ ಹೇಳಬೇಕು. ಲಾಟರಿಯ ಮಕ್ಕಳನ್ನು ಹಲವು ವರ್ಷ ಕಳೆದ ಮೇಲೆ ಹುಡುಕಿ ನೋಡಿದಾಗ ಆ ಮೊದಲಿನ ಲಾಭ ಉಳಿದಿರಲಿಲ್ಲ. ಒಂದು ಸಲ ಕೊಟ್ಟು ಕೈತೊಳೆದುಕೊಂಡರೆ ಸಾಲದು, ಮಗು ಬೆಳೆಯುತ್ತದೆ, ಬಟ್ಟೆ ಬೆಳೆಯುವುದಿಲ್ಲ ಎಂದು ನಾನು ಅದನ್ನು ಅರ್ಥಮಾಡಿಕೊಳ್ಳುತ್ತೇನೆ.

ಈ ಎರಡು ದೇಶಗಳ ಅನುಭವವನ್ನು ಪಕ್ಕಪಕ್ಕ ಇಟ್ಟು ನೋಡಿ. ಹಾಕಿಕೊಂಡು ಬಾ ಎಂದು ಆಜ್ಞೆ ಮಾಡಿದ ಕಡೆ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. ತೆಗೆದುಕೋ ಎಂದು ಕೈಗಿಟ್ಟ ಕಡೆ ಮಗು ಶಾಲೆಗೆ ಬಂತು.

ಖರ್ಚಿನ ವಿಷಯದಲ್ಲಿ ಇಂಗ್ಲೆಂಡ್ 2021ರಲ್ಲಿ ಒಂದು ಕಾನೂನನ್ನೇ ಮಾಡಿಕೊಂಡಿತು. ಅದರಡಿ ಬಂದ ಮಾರ್ಗಸೂಚಿಯಲ್ಲಿ ಶಾಲೆಯ ಲಾಂಛನ ಇರಲೇಬೇಕಾದ ಉಡುಪುಗಳು ಆದಷ್ಟು ಕಡಿಮೆ ಇರಲಿ, ಒಬ್ಬನೇ ಮಾರಾಟಗಾರನ ಬಳಿ ಕೊಳ್ಳಬೇಕೆಂಬ ಕಟ್ಟು ಸುಮ್ಮಸುಮ್ಮನೆ ಹಾಕಬೇಡಿ, ಬಳಸಿದ ಉಡುಪು ಸಿಗುವ ಏರ್ಪಾಡು ಮಾಡಿ ಎಂದಿದೆ. ಇದಕ್ಕೆ ಕಾನೂನೇ ಬೇಕಾಯಿತಲ್ಲ ಎನ್ನಿಸುತ್ತದೆ. ಆದರೆ ಬೇಕಾಗಿದೆ. ಬಿಳಿ ಶರ್ಟ್ ಎಲ್ಲಿ ಕೊಂಡರೂ ಬಿಳಿ ಶರ್ಟೇ. ಅದರ ಜೇಬಿಗೆ ಲಾಂಛನ ಹೊಲಿದು, ಇಲ್ಲೇ ಕೊಳ್ಳಬೇಕು ಎಂದು ಚೀಟಿ ಕೊಟ್ಟ ಕೂಡಲೇ ಅದು ಮನೆಯವರಿಗೆ ಬೇರೆಯೇ ವಸ್ತುವಾಗುತ್ತದೆ. ಅಣ್ಣನದು ತಮ್ಮನಿಗೆ, ಅಕ್ಕನದು ತಂಗಿಗೆ ಎಂದು ಹೇಗೋ ನಿಭಾಯಿಸುತ್ತಿದ್ದ ಮನೆಗೆ, ಮೂರು ವರ್ಷಕ್ಕೊಮ್ಮೆ ಚೌಕಳಿಯ ವಿನ್ಯಾಸ ಬದಲಿಸುವ ಶಾಲೆ ಎಂಥ ಹೊಡೆತ ಕೊಡುತ್ತದೆಂದು ಬದಲಿಸುವವರು ಯೋಚಿಸಿದ್ದಾರೆಯೇ? ದಯವಿಟ್ಟು ವಿನ್ಯಾಸ ಬದಲಿಸಬೇಡಿ. ಬದಲಿಸಲೇಬೇಕಾದರೆ ಹಳೆಯದು ಹರಿಯುವವರೆಗೂ ಹಾಕಲು ಬಿಡಿ.

ಇನ್ನು ಹೆಣ್ಣುಮಕ್ಕಳ ಮಾತು. ಇದರ ಬಗ್ಗೆ ನನಗೆ ತುಂಬ ಹೇಳುವುದಿದೆ, ಯಾಕೆಂದರೆ ನಿಯಮ ಬರೆಯುವ ಮೇಜಿನ ಸುತ್ತ ಇದನ್ನು ಯಾರೂ ಎತ್ತಿದ್ದು ನಾನು ಕಂಡಿಲ್ಲ.

ಬಿಡುವಿನಲ್ಲಿ ಆಟದ ಮೈದಾನದ ಅಂಚಿನಲ್ಲಿ ನಿಂತು ಹತ್ತು ನಿಮಿಷ ನೋಡಿ. ಹುಡುಗರು ಮೈದಾನದ ನಡುವೆ ಇರುತ್ತಾರೆ. ಲಂಗದ ಹುಡುಗಿಯರು ಗೋಡೆಯ ಪಕ್ಕ ಇರುತ್ತಾರೆ. ಜೋಕಾಲಿಯ ಮೇಲೆ ಒಂದು ಕೈಯಲ್ಲಿ ಸರಪಳಿ, ಇನ್ನೊಂದು ಕೈಯಲ್ಲಿ ಲಂಗದ ಅಂಚು. ಮೆಟ್ಟಿಲು ಹತ್ತುವಾಗ ಹಿಂದೆ ಕೈ. ನೆಲದ ಮೇಲೆ ಕೂರುವಾಗ ಮೊದಲು ಲಂಗ ಸರಿಮಾಡಿಕೊಂಡು ಆಮೇಲೆ ಪುಸ್ತಕ ತೆರೆಯಬೇಕು. ಎಂಟು ವರ್ಷದ ಮಗುವಿನ ಅರ್ಧ ಗಮನ ಬಟ್ಟೆ ಹಿಡಿದುಕೊಳ್ಳುವುದರಲ್ಲೇ ಹೋಗುತ್ತದೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ 135 ದೇಶಗಳ, ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳ ಮಾಹಿತಿ ಪರಿಶೀಲಿಸಿದರು. ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯುವ ಚಟುವಟಿಕೆ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹೆಚ್ಚಿನ ಶಾಲೆಗಳಲ್ಲಿ ಸಮವಸ್ತ್ರ ಇರುವ ದೇಶಗಳಲ್ಲಿ ಅದನ್ನು ಮುಟ್ಟುವ ಮಕ್ಕಳು ಶೇ. 16, ಇಲ್ಲದ ದೇಶಗಳಲ್ಲಿ ಶೇ. 19.5. ಪ್ರಾಥಮಿಕ ವಯಸ್ಸಿನಲ್ಲಿ ಹುಡುಗ ಹುಡುಗಿಯರ ನಡುವಿನ ಅಂತರವೂ ಸಮವಸ್ತ್ರದ ದೇಶಗಳಲ್ಲೇ ಹೆಚ್ಚು. ಬಟ್ಟೆಯೇ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ, ಹಾಗೆಂದು ಆ ಸಂಶೋಧಕರೂ ಹೇಳಿಲ್ಲ. ಆದರೆ ಗೋಡೆಯ ಪಕ್ಕ ನಿಂತ ಹುಡುಗಿಯರನ್ನು ಇಷ್ಟು ವರ್ಷ ನೋಡಿದ ನನಗೆ ಆ ಅಂಕಿ ಅಚ್ಚರಿ ತರಲಿಲ್ಲ.

ಪರಿಹಾರ ಇಲ್ಲದ ಸಮಸ್ಯೆಯೇನೂ ಇದಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2019ರಿಂದ ಹುಡುಗಿಯರಿಗೂ ಚಡ್ಡಿ ಅಥವಾ ಪ್ಯಾಂಟ್ ಹಾಕುವ ಆಯ್ಕೆ ಇರಲೇಬೇಕು ಎಂದಾಗಿದೆ. ಯಾರನ್ನೂ ಬಲವಂತ ಮಾಡಿಲ್ಲ. ಲಂಗ ಬೇಕಾದವರು ಲಂಗವನ್ನೇ ಹಾಕಬಹುದು. ಜೊತೆಗೆ ಜೇಬು ಕೊಡಿ ಎಂದೂ ನಾನು ಕೇಳುತ್ತೇನೆ. ಹುಡುಗರ ಚಡ್ಡಿಗೆ ಎರಡು ಜೇಬು, ಹುಡುಗಿಯರ ಲಂಗಕ್ಕೆ ಒಂದೂ ಇಲ್ಲ. ಕರವಸ್ತ್ರ, ಪೆನ್ಸಿಲ್ ತುಂಡು, ಹೆಕ್ಕಿಕೊಂಡ ಗೋಲಿ ಇಟ್ಟುಕೊಳ್ಳಲು ಅವಳಿಗೂ ಜಾಗ ಬೇಕು.

ಬಿಳಿ ಬಟ್ಟೆಯ ಬಗ್ಗೆಯೂ ಹೇಳಲೇಬೇಕು. ಎಷ್ಟೋ ಶಾಲೆಗಳಲ್ಲಿ ಪಿ.ಟಿ. ದಿನಕ್ಕೆ ಮೇಲಿಂದ ಕೆಳಗಿನವರೆಗೆ ಬಿಳಿ. ಮುಟ್ಟಾಗುವ ವಯಸ್ಸಿಗೆ ಬಂದ ಹುಡುಗಿಗೆ ಬಿಳಿ ಲಂಗ ಎಂದರೆ ಇಡೀ ದಿನದ ಭಯ. ಅವಳು ಬೆಂಚಿನಿಂದ ಏಳುವಾಗ ಹಿಂದಿನವಳ ಕಡೆ ತಿರುಗಿ ಕಣ್ಣಲ್ಲೇ ಕೇಳುತ್ತಾಳೆ, ಅವಳು ಕಣ್ಣಲ್ಲೇ ಇಲ್ಲ ಎನ್ನುತ್ತಾಳೆ. ಈ ಮಾತುಕತೆಯನ್ನು ನಾನು ನೂರು ಸಲ ನೋಡಿದ್ದೇನೆ. ಪಿ.ಟಿ. ಪೀರಿಯಡ್‌ನಲ್ಲಿ "ತಲೆನೋವು ಸರ್" ಎಂದು ಕೂತುಬಿಡುವವರಲ್ಲಿ ಎಷ್ಟು ಮಂದಿಗೆ ನಿಜವಾಗಿ ತಲೆನೋವಿರುತ್ತದೆ? ಅಡಿಯಿಂದ ಮುಡಿವರೆಗೆ ಬಿಳಿ ಎಂಬ ನಿಯಮಕ್ಕೆ ಹೆಸರಾದ ವಿಂಬಲ್ಡನ್ ಟೆನಿಸ್ ಪಂದ್ಯಾವಳಿ ಕೂಡ ಇದೇ ಕಾರಣಕ್ಕೆ 2023ರಿಂದ ಆಟಗಾರ್ತಿಯರು ಒಳಗೆ ಗಾಢ ಬಣ್ಣದ ಚಡ್ಡಿ ಹಾಕಲು ಒಪ್ಪಿತು. ಜಗತ್ತಿನ ಶ್ರೇಷ್ಠ ಆಟಗಾರ್ತಿಯರಿಗೇ ಈ ಆತಂಕ ಇದೆಯೆಂದ ಮೇಲೆ ಹನ್ನೆರಡು ವರ್ಷದ ಹುಡುಗಿಗೆ ಇರುವುದಿಲ್ಲವೇ? ಬಿಳಿ ಲಂಗದ ಬದಲು ಗಾಢ ಬಣ್ಣದ ಪ್ಯಾಂಟ್ ಇಡಲು ನಿಮಗೆ ಬೇಕಾಗಿರುವುದು ಒಂದು ಸಹಿ.

ಪುಟ್ಟ ಮಕ್ಕಳದು ಇನ್ನೊಂದು ಪಾಡು. ಒಂದನೇ ತರಗತಿಯ ಮಗು ಶೌಚಾಲಯಕ್ಕೆ ಓಡುತ್ತದೆ. ಬೆಲ್ಟ್ ಬಿಚ್ಚಬೇಕು, ಕೊಕ್ಕೆ ಬಿಚ್ಚಬೇಕು, ಗಟ್ಟಿ ಕಾಜದಿಂದ ಗುಂಡಿ ಬಿಡಿಸಬೇಕು. ಆ ಪುಟ್ಟ ಬೆರಳುಗಳಿಗೆ ಅಷ್ಟೆಲ್ಲ ಆಗುವಷ್ಟರಲ್ಲಿ ಚಡ್ಡಿ ಒದ್ದೆಯಾಗಿರುತ್ತದೆ, ಮಗು ಅಳುತ್ತಾ ಅಲ್ಲೇ ನಿಂತಿರುತ್ತದೆ. ಎಲಾಸ್ಟಿಕ್ ಪಟ್ಟಿಯ ಚಡ್ಡಿ ಕೊಟ್ಟರೆ ಮುಗಿಯಿತು. ಆಟಿಸಂ ಇರುವ ಮಗುವಿಗೆ ಕೆಲವೊಮ್ಮೆ ಕತ್ತಿನ ಹಿಂದಿನ ಚೀಟಿ, ಬಿಗಿ ಕಾಲರು, ಒರಟು ನೈಲಾನ್ ಎಲ್ಲವೂ ಚರ್ಮಕ್ಕೆ ಚುಚ್ಚುವ ಮುಳ್ಳು. ಆ ಮಗುವಿಗೆ ಅದೇ ಬಣ್ಣದ ಮೆತ್ತನೆಯ ಹತ್ತಿ ಅಂಗಿ ಹಾಕಿಸಿದರೆ ಶಾಲೆ ಕಳೆದುಕೊಳ್ಳುವುದು ಏನು?

ನಿಯಮಕ್ಕೆ ಒಂದು ಸ್ವಭಾವವಿದೆ, ಬಿಟ್ಟರೆ ತಾನಾಗಿಯೇ ಹಬ್ಬುತ್ತದೆ. ಮೊದಲು ಶರ್ಟಿನ ಬಣ್ಣ, ಆಮೇಲೆ ಸಾಕ್ಸಿನ ಗೆರೆ, ಆಮೇಲೆ ರಿಬ್ಬನ್ನಿನ ಅಗಲ, ಬ್ಯಾಗಿನ ಬಣ್ಣ. ಜಪಾನಿನ ಟೋಕಿಯೊದಲ್ಲಿ ಕೂದಲಿನ ಬಣ್ಣಕ್ಕೂ ಒಳಉಡುಪಿನ ಬಣ್ಣಕ್ಕೂ ನಿಯಮವಿದ್ದ ಸರ್ಕಾರಿ ಪ್ರೌಢಶಾಲೆಗಳಿದ್ದವು. ಟೀಕೆಗಳ ನಂತರ 2022ರಲ್ಲಿ ಅವನ್ನು ಕೈಬಿಟ್ಟರು. ಹುಟ್ಟಿನಿಂದಲೇ ಕಂದು ಕೂದಲಿನ ಮಗುವಿಗೆ ಕಪ್ಪು ಬಣ್ಣ ಬಳಿದುಕೊಂಡು ಬಾ ಎನ್ನುವವರೆಗೂ ಹೋದ ನಿಯಮ ಶುರುವಾದದ್ದು ಎಲ್ಲರೂ ಒಂದೇ ಥರ ಕಾಣಲಿ ಎಂಬ ಸಾಧಾರಣ ಆಸೆಯಿಂದಲೇ. ನಿಮ್ಮ ಸುತ್ತೋಲೆಯ ಪ್ರತಿ ಸಾಲಿನ ಮುಂದೆ, ಇದರಿಂದ ಮಗುವಿನ ಕಲಿಕೆಗೆ ಏನಾಗುತ್ತದೆ ಎಂದು ಕೇಳಿಕೊಳ್ಳಿ. ಉತ್ತರ ಸಿಗದ ಸಾಲನ್ನು ಹೊಡೆದುಹಾಕಿ.

ಸಮವಸ್ತ್ರವೇ ಬೇಡ, ಮಕ್ಕಳ ಸ್ವಾತಂತ್ರ್ಯ ಕಸಿಯಬೇಡಿ ಎನ್ನುವವರನ್ನೂ ನಾನು ಗೌರವಿಸುತ್ತೇನೆ. ಜರ್ಮನಿಯಲ್ಲಿ ಹೆಚ್ಚಿನ ಶಾಲೆಗಳಲ್ಲಿ ಸಮವಸ್ತ್ರವಿಲ್ಲ, ಅಲ್ಲಿ ಮಕ್ಕಳು ಚೆನ್ನಾಗಿಯೇ ಓದುತ್ತಾರೆ. ದಕ್ಷಿಣ ಕೊರಿಯಾ 1983ರಲ್ಲಿ ಸಮವಸ್ತ್ರ ಕೈಬಿಟ್ಟಿತು, ಕೆಲವೇ ವರ್ಷದಲ್ಲಿ ಅದನ್ನು ಶಾಲೆಗಳ ಇಚ್ಛೆಗೆ ಬಿಟ್ಟಾಗ ಬಹಳಷ್ಟು ಶಾಲೆಗಳು ಮತ್ತೆ ಅದಕ್ಕೇ ಮರಳಿದವು. ಎರಡೂ ದಾರಿಯಲ್ಲಿ ಶಾಲೆಗಳು ನಡೆಯುತ್ತವೆ. ದೊಡ್ಡ ತರಗತಿಯ ಮಕ್ಕಳಿಗೆ ಹೆಚ್ಚು ಸಡಿಲ ಕೊಡಿ, ನಿಯಮ ಮಾಡುವಾಗ ಅವರನ್ನೂ ಕೂರಿಸಿಕೊಳ್ಳಿ ಎಂಬ ಅವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಸಣ್ಣ ಮಕ್ಕಳ ವಿಷಯದಲ್ಲಿ ಮಾತ್ರ, ಕಲರ್ ಡ್ರೆಸ್ ದಿನದ ಆ ಖಾಲಿ ಜಾಗಗಳನ್ನು ಕಂಡವಳಿಗೆ, ಸಮವಸ್ತ್ರವನ್ನು ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ.

ಒದ್ದೆ ಶರ್ಟಿನ ಆ ಹುಡುಗನ ನಂತರ ನಾವು ಕೆಲವು ಶಿಕ್ಷಕಿಯರು ಸೇರಿ ಒಂದು ಕೆಲಸ ಮಾಡಿದೆವು. ಸ್ಟಾಫ್ ರೂಮಿನ ಮೂಲೆಯ ಬೀರುವಿನಲ್ಲಿ ಒಂದು ಅರೆ ಖಾಲಿ ಮಾಡಿಸಿದೆವು. ಶಾಲೆ ಮುಗಿಸಿ ಹೋಗುವ ಮಕ್ಕಳ ಮನೆಯವರನ್ನು ಕೇಳಿ, ಚೆನ್ನಾಗಿರುವ ಶರ್ಟು, ಲಂಗ, ಚಡ್ಡಿಗಳನ್ನು ಒಗೆಸಿ ಇಸ್ತ್ರಿ ಮಾಡಿಸಿ ಅಳತೆಯ ಪ್ರಕಾರ ಜೋಡಿಸಿದೆವು. ಒಂದು ಎಚ್ಚರ ಮಾತ್ರ ವಹಿಸಿದೆವು. ಅದನ್ನು ಎಂದೂ ಎಲ್ಲರೆದುರು ಕೊಡಲಿಲ್ಲ, ಫೋಟೊ ತೆಗೆಸಲಿಲ್ಲ, ಯಾರಿಗೆ ಕೊಟ್ಟೆವೆಂದು ಪಟ್ಟಿ ಬರೆಯಲಿಲ್ಲ. "ಇದನ್ನ ಸ್ಟಾಫ್ ರೂಮಿಗೆ ಕೊಟ್ಟು ಬಾ" ಎಂದು ಮಗುವಿನ ಕೈಗೆ ಒಂದು ಪುಸ್ತಕ ಕೊಟ್ಟು ಕಳಿಸುವುದು. ಅಲ್ಲಿರುವವರು ಬ್ಯಾಗಿಗೆ ಬಟ್ಟೆ ಇಟ್ಟುಕೊಡುವುದು. ಕೊಟ್ಟದ್ದು ಇನ್ನೊಂದು ಮಗುವಿಗೆ ತಿಳಿದರೆ ಕೊಡದೆ ಇದ್ದದ್ದಕ್ಕಿಂತ ಹೆಚ್ಚು ನೋವಾಗುತ್ತದೆ.

ಇಷ್ಟನ್ನು ನಾಲ್ಕು ಜನ ಶಿಕ್ಷಕಿಯರು ಮಾಡಬಹುದಾದರೆ ಒಂದು ಆಡಳಿತ ಮಂಡಳಿಗೆ, ಒಂದು ಇಲಾಖೆಗೆ ಎಷ್ಟು ಸಾಧ್ಯ! ಕೊಡುವವರು ಒಂದು ಜೊತೆ ಕೊಟ್ಟು ನಿಲ್ಲಿಸಬೇಡಿ. ಒಂದು ಮೈಮೇಲಿದ್ದಾಗ ಇನ್ನೊಂದು ತಂತಿಯ ಮೇಲೆ ಒಣಗುತ್ತಿರಬೇಕು, ಮಳೆಗಾಲಕ್ಕೆ ಮೂರನೆಯದೂ ಬೇಕು. ಕೊಡುವುದನ್ನು ಶಾಲೆ ತೆರೆಯುವ ಮೊದಲೇ ಕೊಡಿ. ಅರ್ಧ ವರ್ಷ ಕಳೆದ ಮೇಲೆ ಬರುವ ಬಟ್ಟೆಯನ್ನು, ಅಳತೆ ತೆಗೆದ ಮಗುವಿನ ಮೈಯೇ ದಾಟಿ ಹೋಗಿರುತ್ತದೆ. ಬಟ್ಟೆ ಆರಿಸುವಾಗ ನಿಮ್ಮ ಕೈಯಲ್ಲಿ ಮುಟ್ಟಿ ನೋಡಿ, ಬೆವರು ಹೀರುತ್ತದೆಯೇ, ಗಾಳಿ ಆಡುತ್ತದೆಯೇ ಎಂದು. ಟೈ ಕೈಬಿಡಿ. ಮಗುವಿಗೆ ಅದು ಯಾವ ಕೆಲಸಕ್ಕೂ ಬಾರದು.

ಮತ್ತು ಆ ಪರೀಕ್ಷೆಯನ್ನು ನಿಲ್ಲಿಸಿ. ಪ್ರಾರ್ಥನೆಯ ಸಾಲಿನಲ್ಲಿ ಮಕ್ಕಳನ್ನು ಆಚೆ ಕರೆಯುವುದನ್ನು, ಬಟ್ಟೆಗಾಗಿ ಮನೆಗೆ ಕಳಿಸುವುದನ್ನು, ಬಾಗಿಲಲ್ಲಿ ನಿಲ್ಲಿಸುವುದನ್ನು, ದಂಡ ಹಾಕುವುದನ್ನು. ಒಂದು ಮಗು ಬೇರೆ ಬಟ್ಟೆಯಲ್ಲಿ ಬಂದರೆ ಮೊದಲು ಒಳಗೆ ಕರೆದು ಕೂರಿಸಿ, ಪಾಠ ಮುಗಿಯಲಿ. ಆಮೇಲೆ ಮನೆಯವರನ್ನು ಮೆಲ್ಲಗೆ ವಿಚಾರಿಸಿ. ನಾನು ಹೆಸರು ಬರೆದುಕೊಂಡ ನೋಟ್‌ಬುಕ್‌ಗಳು ಇವತ್ತು ಯಾರ ಬಳಿಯೂ ಇಲ್ಲ. ಆದರೆ ಆ ಸಾಲಿನ ಪಕ್ಕ ನಿಂತ ಮಕ್ಕಳು ಈಗ ದೊಡ್ಡವರಾಗಿದ್ದಾರೆ, ಅವರಿಗೆ ಅದು ನೆನಪಿರುತ್ತದೆ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ನಾನು ಅವರ ಕ್ಷಮೆ ಕೇಳುತ್ತೇನೆ.

ಹೊಸ ಶಾಲಾ ವರ್ಷದ ಸುತ್ತೋಲೆ ಇಷ್ಟರಲ್ಲೇ ನಿಮ್ಮ ಮೇಜಿಗೆ ಬರುತ್ತದೆ. ಬಣ್ಣ, ಅಳತೆ, ಬ್ಯಾಡ್ಜು ಎಲ್ಲ ಅದರಲ್ಲಿರುತ್ತದೆ. ಸಹಿ ಹಾಕುವ ಮುನ್ನ ಎಲ್ಲಕ್ಕಿಂತ ಮೇಲೆ ಈ ಒಂದು ಸಾಲನ್ನು ಸೇರಿಸಿ: "ಸಮವಸ್ತ್ರ ಇಲ್ಲವೆಂಬ ಕಾರಣಕ್ಕೆ ಯಾವ ಮಗುವನ್ನೂ ತರಗತಿಯಿಂದ ಹೊರಗಿಡತಕ್ಕದ್ದಲ್ಲ, ಇಲ್ಲದ ಮಗುವಿಗೆ ಅದನ್ನು ಒದಗಿಸುವುದು ಶಾಲೆಯ ಹೊಣೆ."

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿ